ಸೊಪ್ಪು ಹಾಕಿದ್ದೀಯಾ? ಯಾವಾಗ ಹಾಕಿದೆ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೊಟ್ಟ ರಜಾ ಚೀಟಿಯನ್ನು ನನ್ನ ಪಾಠ ಟಿಪ್ಪಣಿಯ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ. ರಜೆ ಹಾಕಿದವರು ಮಾರನೆಯ ದಿನ ಇಂಗ್ಲಿಷಿನಲ್ಲೇ ಎರಡು ಸಾಲು ಬರೆದು ಕೊಡಬೇಕೆಂದು ನಾನೇ ಹೇಳಿದ್ದೆ. ಅವಳು ಬರೆದಿದ್ದಳು: ‘ಐ ಡಿಡ್ ನಾಟ್ ಕೇಮ್ ಟು ಸ್ಕೂಲ್ ಯೆಸ್ಟರ್‌ಡೇ. ಸಿಲ್ಕ್‌ವರ್ಮ್ ಈಸ್ ಫೋರ್ತ್ ಫೀವರ್.’

ರೇಷ್ಮೆ ಬೆಳೆಯದ ಊರಿನವರಿಗೆ ಎರಡನೇ ಸಾಲು ಅರ್ಥವಾಗುವುದು ಕಷ್ಟ. ಹುಳು ಪೊರೆ ಬಿಡುವುದಕ್ಕೆ ರಾಮನಗರದ ಸುತ್ತಮುತ್ತ ‘ಜ್ವರ’ ಅನ್ನುತ್ತಾರೆ. ಮೊಟ್ಟೆಯಿಂದ ಬಂದ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಕೂತಾಗ ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಮಾತ್ರ ಅದರ ಹಸಿವು ತಡೆಯುವಂಥದ್ದಲ್ಲ. ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ಆಗ ಮನೆಯಲ್ಲಿ ಕೈಕಾಲು ಆಡುವವರೆಲ್ಲ ಹಿಪ್ಪುನೇರಳೆ ತೋಟದಲ್ಲಿರಬೇಕು. ಹುಡುಗಿ ಶಾಲೆ ತಪ್ಪಿಸಿಕೊಂಡದ್ದು ಅದಕ್ಕೆ.

ತಿದ್ದಲು ಕೆಂಪು ಪೆನ್ನು ತೆಗೆದವಳು ಹಾಗೇ ಕೂತೆ. ಒಂದು ವಾರದ ಹಿಂದೆ ಇದೇ ಹುಡುಗಿ ಎದ್ದು ನಿಂತು ಸಿಂಪಲ್ ಪ್ರೆಸೆಂಟ್‌ನಿಂದ ಹಿಡಿದು ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್‌ವರೆಗೆ ಹನ್ನೆರಡೂ ಟೆನ್ಸ್‌ಗಳ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸಿದ್ದಳು. ತರಗತಿಯ ಗೋಡೆಗೆ ಅಂಟಿಸಿರುವ ಟೆನ್ಸ್ ಚಾರ್ಟನ್ನು ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದವಳೂ ಅವಳೇ. ಅಷ್ಟೆಲ್ಲ ಗೊತ್ತಿದ್ದೂ, ನಿಜವಾಗಿ ಏನೋ ಹೇಳಬೇಕಾಗಿ ಬಂದಾಗ ‘ಡಿಡ್ ನಾಟ್ ಕೇಮ್’ ಬರೆದಳು. ನಾನು ಕಲಿಸಿದ್ದೆಲ್ಲ ಗೋಡೆಯ ಮೇಲೇ ಉಳಿದಿದೆ ಅನ್ನಿಸಿ ಸಂಕಟವಾಯಿತು.

ಅರ್ಧವಾರ್ಷಿಕ ಪರೀಕ್ಷೆಗೆ ಇನ್ನು ಮೂರು ವಾರವಿತ್ತು. ಟೆನ್ಸ್‌ಗಳನ್ನು ಇನ್ನೊಮ್ಮೆ ಓದಿಸಲೇಬೇಕು. ಅದೇ ಚಾರ್ಟನ್ನು ಮತ್ತೆ ಒಪ್ಪಿಸುವ ಬದಲು ಆಟ ಆಡಿಸೋಣವೆಂದು ತೀರ್ಮಾನಿಸಿದೆ. ನಮ್ಮ ಸರ್ಕಾರಿ ಶಾಲೆಗಳಿಗೆ ಆಟದ ಪಾಠ ಹೊಸತೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪುಟ್ಟ ಮಕ್ಕಳ ತರಗತಿಗಳಿಗೆ ಕಾರ್ಡು, ಹಾಡು, ಆಟಗಳನ್ನು ತಂದುಕೊಟ್ಟಿತು. ಆದರೆ ಮಕ್ಕಳು ಹೈಸ್ಕೂಲಿಗೆ ಬರುವಷ್ಟರಲ್ಲಿ ಆಟ ಪಿ.ಟಿ. ಪೀರಿಯಡ್ಡಿಗೆ ಸೇರಿ, ತರಗತಿಯಲ್ಲಿ ಬೆಂಚು, ಬೋರ್ಡು, ಗೈಡುಗಳಷ್ಟೇ ಉಳಿಯುತ್ತವೆ. ಹದಿನಾಲ್ಕರ ಮಕ್ಕಳಿಗೂ ಆಡುವ ಆಸೆ ಇದ್ದೇ ಇರುತ್ತದೆ.

ನಾನು ಮೊದಲು ಆಡಿಸಿದ್ದು ಎಲ್ಲರೂ ಆಡಿಸುವ ಆಟ. ಹುಡುಗರ ಸಾಲು ಒಂದು ಕಡೆ, ಹುಡುಗಿಯರ ಸಾಲು ಇನ್ನೊಂದು ಕಡೆ. ನಾನು ಕ್ರಿಯಾಪದ ಹೇಳುತ್ತೇನೆ, ಮೊದಲು ಕೈ ಎತ್ತಿದವರು ಅದರ ಪಾಸ್ಟ್ ಟೆನ್ಸ್ ಹೇಳಬೇಕು, ಸರಿಯಾದರೆ ಒಂದು ಅಂಕ. ಹತ್ತು ನಿಮಿಷದಲ್ಲಿ ಗೊತ್ತಾಯಿತು, ಮೂವತ್ತಾರು ಮಕ್ಕಳಲ್ಲಿ ಐದೇ ಕೈಗಳು ಮೇಲೇಳುತ್ತಿವೆ. ಆ ಐವರಿಗೆ ಪುನರಾವರ್ತನೆ ಬೇಕಾಗಿರಲೇ ಇಲ್ಲ. ಬೇಕಾಗಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ವೇಗಕ್ಕೆ ಅಂಕ ಕೊಡುವ ಆಟದಲ್ಲಿ ನಿಧಾನವಾಗಿ ಯೋಚಿಸುವ ಮಗು ಮೊದಲ ನಿಮಿಷದಲ್ಲೇ ಹೊರಗೆ ಬೀಳುತ್ತದೆ, ತಾನು ಹೊರಗಿನವನೆಂದು ನಂಬಿಯೂ ಬಿಡುತ್ತದೆ. ಹಿಂದಿನ ಬೆಂಚಿನಲ್ಲಿ ಜೂನ್‌ನಿಂದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬಾಯಿ ತೆರೆಯದ ಹುಡುಗನೊಬ್ಬನಿದ್ದ. ಆ ದಿನ ಅವನು ಕಿಟಕಿಯ ಕಡೆ ತಿರುಗಿ ಕೂತದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಎರಡನೆಯದು ಚೌಕಾಬಾರ. ಇದು ನನ್ನ ಇಷ್ಟದ ಆಟ, ಅಜ್ಜಿಯ ಜೊತೆ ಜಗಲಿಯಲ್ಲಿ ಆಡಿ ಬೆಳೆದದ್ದು. ಐದೈದು ಮನೆಯ ಚೌಕ, ನಾಲ್ಕು ಕವಡೆ, ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ ಅಂದರೆ ಎಂಟು. ಆರು ಗುಂಪಿಗೆ ಬೇಕಾಗುವಷ್ಟು ಕವಡೆ ಎಲ್ಲಿಂದ ತರುವುದು? ಹುಣಸೆ ಬೀಜವನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿದೆವು. ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆರು ಚೌಕಗಳನ್ನು ಬರೆದೆವು. ಪ್ರತಿ ಮನೆಯಲ್ಲೂ ಒಂದೊಂದು ಕ್ರಿಯಾಪದ. ಕಾಯಿ ಯಾವ ಮನೆಗೆ ಹೋಗಿ ಕೂರುತ್ತದೋ ಆ ಪದವನ್ನು ಬಳಸಿ ಒಂದು ವಾಕ್ಯ ಹೇಳಿದರೆ ಮಾತ್ರ ಕಾಯಿ ಅಲ್ಲಿರಬಹುದು.

ಆಟ ಭರ್ಜರಿಯಾಗಿ ನಡೆಯಿತು. ಕಾಯಿ ಕಡಿಯುವಾಗ ಕೂಗು ಹೆಡ್‌ಮಾಸ್ಟರ ಕೋಣೆಯವರೆಗೂ ಕೇಳಿತು. ಆದರೆ ನಾನು ಗುಂಪಿನಿಂದ ಗುಂಪಿಗೆ ಓಡಾಡುತ್ತ ಕಿವಿಗೊಟ್ಟಾಗ ಕೇಳಿಸಿದ್ದೇನು? ‘ಐ ಗೋ’, ‘ಐ ಈಟ್’, ‘ಐ ಸೀ’. ಆದಷ್ಟು ಚಿಕ್ಕ ವಾಕ್ಯ ಹೇಳಿ ಮುಗಿಸಿ, ಬೀಜ ಹಾಕುವ ಸರದಿಗೆ ಕೈ ಚಾಚುತ್ತಿದ್ದರು. ಟೆನ್ಸ್ ಅನ್ನುವುದು ದಾರಿಯಲ್ಲಿ ಕಟ್ಟಬೇಕಾದ ಸುಂಕವಾಗಿತ್ತು. ಸುಂಕ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅಂದು ರಾತ್ರಿ ನನಗೆ ಹೊಳೆದದ್ದು ಸರಳವಾದ ಪರೀಕ್ಷೆ. ಆಟದಿಂದ ಟೆನ್ಸನ್ನು ತೆಗೆದುಹಾಕಿ ನೋಡಬೇಕು. ತೆಗೆದ ಮೇಲೂ ಆಟ ಹಾಗೇ ನಡೆಯುವುದಾದರೆ ಅದು ಒಳ್ಳೆಯ ಆಟವೇ ಇರಬಹುದು, ನನ್ನ ಕೆಲಸಕ್ಕೆ ಬರುವ ಆಟವಲ್ಲ. ಟೆನ್ಸ್ ತಪ್ಪಿದರೆ ಆಟವೇ ಸೋಲಬೇಕು, ಹಾಗಿರಬೇಕು.

ಈ ವಿಚಾರದಲ್ಲಿ ದೊಡ್ಡ ಕೆಲಸವೊಂದು ನಮ್ಮ ಬೆಂಗಳೂರಿನಲ್ಲೇ ನಡೆದಿದೆ ಎನ್ನುವುದು ಎಷ್ಟೋ ಇಂಗ್ಲಿಷ್ ಮೇಷ್ಟರಿಗೆ ಗೊತ್ತಿಲ್ಲ. 1963ರಲ್ಲಿ ಶುರುವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿದೆ. ಆ ಸಂಸ್ಥೆಯ ಜೊತೆ ಸೇರಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಇಂಗ್ಲಿಷ್ ಕಲಿಸುವವರ ಜಗತ್ತಿನಲ್ಲಿ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ವ್ಯಾಕರಣದ ಪಟ್ಟಿಯನ್ನು ಪಕ್ಕಕ್ಕಿಟ್ಟು ಅವರು ಮಕ್ಕಳ ಮುಂದೆ ರೈಲು ವೇಳಾಪಟ್ಟಿ, ನಕ್ಷೆ ಇಂಥವನ್ನಿಟ್ಟರು. ಯಾವ ರೈಲು ಹತ್ತಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದು ಎಂದು ಕಂಡುಹಿಡಿಯುವುದರಲ್ಲಿ ಮಗುವಿನ ಮನಸ್ಸು ಮುಳುಗಿದಾಗ ಭಾಷೆಯ ಕಟ್ಟು ತಾನಾಗಿ ಒಳಗೆ ಇಳಿಯುತ್ತದೆ ಎನ್ನುವುದು ಅವರ ನಂಬಿಕೆ. 1987ರಲ್ಲಿ ಅವರು ಬರೆದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕ ಈಗ ಲೋಕದ ಎಲ್ಲೆಡೆ ‘ಟಾಸ್ಕ್’ ಮೂಲಕ ಭಾಷೆ ಕಲಿಸುವವರಿಗೆ ಬುನಾದಿ. ಅವರು ಹೇಳಿದ ಒಂದು ಬಗೆಯ ಟಾಸ್ಕ್‌ನಲ್ಲಿ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಮಾತಾಡದೆ ಅದು ತಿಳಿಯುವುದೂ ಇಲ್ಲ. ತರಬೇತಿಯೊಂದರಲ್ಲಿ ಇದನ್ನು ಕೇಳಿದ್ದೆ, ಬರೆದುಕೊಂಡಿದ್ದೆ, ಮರೆತಿದ್ದೆ. ಚೌಕಾಬಾರದ ರಾತ್ರಿ ಮತ್ತೆ ನೆನಪಾಯಿತು.

ಪ್ರಭು ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ ಎನ್ನಲಾರೆ. ವಾರಕ್ಕೆ ಕೆಲವೇ ಪೀರಿಯಡ್ಡು ಇಂಗ್ಲಿಷ್ ಕೇಳುವ, ಮನೆಯಲ್ಲಿ ಒಂದು ಪದವೂ ಕಿವಿಗೆ ಬೀಳದ ಮಕ್ಕಳಿಗೆ ವ್ಯಾಕರಣ ತಾನಾಗಿ ಇಳಿಯುವವರೆಗೆ ಕಾಯುವಷ್ಟು ಹೊತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ ಎಂದು ಕಣ್ಣಿಟ್ಟು ನೋಡುವುದೂ ಬೇಕು. ಹಾಗೆ ನೋಡುವುದಕ್ಕೆ ಮಕ್ಕಳ ಕೈಯಲ್ಲಿ ಆಗಲೇ ಒಂದು ಕನ್ನಡಿ ಇದೆ, ಅದು ಅವರ ಕನ್ನಡ.

ರಜಾ ಚೀಟಿಗೆ ಮರಳುತ್ತೇನೆ. ಕನ್ನಡದಲ್ಲಿ ‘ಹೋದ’ ಎನ್ನುತ್ತೇವೆ. ಇಲ್ಲವೆನ್ನಬೇಕಾದಾಗ ‘ಹೋಗಲಿಲ್ಲ’ ಎನ್ನುತ್ತೇವೆ. ‘ಹೋದಲಿಲ್ಲ’ ಎನ್ನುವವರು ಈ ನಾಡಿನಲ್ಲಿ ಯಾರೂ ಇಲ್ಲ. ‘ಹೋದ’ ಹಿಂದೆ ಸರಿದು ‘ಹೋಗು’ ಎಂಬ ಮೂಲ ರೂಪ ಮರಳಿ ಬರುತ್ತದೆ, ಕಳೆದುಹೋದ ಹೊತ್ತನ್ನು ಹೇಳುವ ಕೆಲಸವನ್ನು ಕೊನೆಗೆ ಸೇರಿದ ‘ಅಲಿಲ್ಲ’ ಮಾಡುತ್ತದೆ. ಇಂಗ್ಲಿಷಿನಲ್ಲೂ ನಡೆಯುವುದು ಇದೇ. ‘ವೆಂಟ್’ ಹಿಂದೆ ಸರಿದು ‘ಗೋ’ ಬರುತ್ತದೆ, ಕಾಲದ ಭಾರವನ್ನು ‘ಡಿಡ್’ ಹೊರುತ್ತದೆ. ಬೋರ್ಡಿನ ಮೇಲೆ ‘ನಾನು ನಿನ್ನೆ ಶಾಲೆಗೆ ಬಂದಲಿಲ್ಲ’ ಎಂದು ಬರೆದೆ. ತರಗತಿ ಗೊಳ್ಳೆಂದಿತು.

“ಯಾಕ್ರೋ ನಗ್ತೀರಿ?”

“ಅಂಗೆ ಯಾರೂ ಅನ್ನಲ್ಲ ಮೇಡಂ.”

“ಡಿಡ್ ನಾಟ್ ಕೇಮ್ ಅಂದ್ರೂ ಇಂಗ್ಲಿಷ್‌ನವರಿಗೆ ಹಿಂಗೇ ಕೇಳ್ಸುತ್ತೆ.”

ನಗು ನಿಂತಿತು. ರಜಾ ಚೀಟಿಯ ಹುಡುಗಿ ತುಟಿ ಅಲ್ಲಾಡಿಸುತ್ತ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು. ಹನ್ನೆರಡು ಟೆನ್ಸ್‌ಗಳ ಚಾರ್ಟು ಮಾಡಲಾಗದ್ದನ್ನು ‘ಬಂದಲಿಲ್ಲ’ ಎನ್ನುವ ಒಂದು ಇಲ್ಲದ ಪದ ಮಾಡಿತು.

ಇನ್ನೊಂದು ಜೋಡಿ ಇನ್ನೂ ಸೊಗಸಾದದ್ದು. ‘ಬಸ್ಸು ಬಂದಿಲ್ಲ’ ಅಂದರೆ ನಾನಿನ್ನೂ ಸ್ಟಾಪಿನಲ್ಲಿ ನಿಂತಿದ್ದೇನೆ. ‘ಬಸ್ಸು ಬರಲಿಲ್ಲ’ ಅಂದರೆ ಕಾದು ಕಾದು ಮನೆಗೆ ಹೋದೆ. ಪ್ರೆಸೆಂಟ್ ಪರ್ಫೆಕ್ಟ್ ಮತ್ತು ಸಿಂಪಲ್ ಪಾಸ್ಟ್ ಎಂದು ಪುಸ್ತಕಗಳು ಪುಟಗಟ್ಟಲೆ ಹೇಳುವ ಭೇದ ಇಷ್ಟೇ. ನಮ್ಮ ಕಡೆಯ ಆಡುಮಾತಿನಲ್ಲಿ ಅದು ಇನ್ನೂ ಸ್ಪಷ್ಟ. ‘ಬಂದ’ ಬೇರೆ, ‘ಬಂದವ್ನೆ’ ಬೇರೆ, ‘ಬತ್ತಾವ್ನೆ’ ಬೇರೆ. ಇಂಗ್ಲಿಷಿನ ಹ್ಯಾಸ್, ಈಸ್ ಮಾಡುವ ಕೆಲಸವನ್ನು ಆ ‘ಅವ್ನೆ’ ಮಾಡುತ್ತಿದೆ. ತಮ್ಮ ಮಾತು ಒರಟು, ಶುದ್ಧವಲ್ಲ ಎಂದು ನಾಚುವ ಮಕ್ಕಳಿಗೆ ಅದರೊಳಗೆ ಇಂಥ ಅಚ್ಚುಕಟ್ಟಿದೆ ಎಂದು ತೋರಿಸಿದಾಗ ಅವರ ಮುಖ ನೋಡಬೇಕು.

ವೈಯಾಕರಣ ಕೇಶಿರಾಜನ ಕಾಲದಿಂದ ನಾವು ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕಾಲಗಳನ್ನು ಓದುತ್ತ ಬಂದಿದ್ದೇವೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ ಡಿ.ಎನ್. ಶಂಕರ ಭಟ್ಟರು ಇದನ್ನು ಬೇರೆ ಬಗೆಯಲ್ಲಿ ನೋಡಲು ಕಲಿಸಿದರು. ‘ದಿನಾ ಬರುತ್ತೇನೆ’, ‘ನಾಳೆ ಬರುತ್ತೇನೆ’ ಎರಡಕ್ಕೂ ಒಂದೇ ರೂಪ. ಆಗಿಹೋದದ್ದು ಒಂದು ಕಡೆ, ಆಗದೆ ಇರುವುದು ಇನ್ನೊಂದು ಕಡೆ ಎಂಬ ಎರಡೇ ಪಾಲು ಕನ್ನಡದ ಕ್ರಿಯಾಪದದಲ್ಲಿ ಎದ್ದು ಕಾಣುತ್ತದೆ. ಇಂಗ್ಲಿಷಿನಲ್ಲೂ ಕ್ರಿಯಾಪದ ತಾನೇ ರೂಪ ಬದಲಿಸಿ ತೋರಿಸುವುದು ಎರಡನ್ನೇ, ‘ಪ್ಲೇ’ ಮತ್ತು ‘ಪ್ಲೇಡ್’. ಉಳಿದದ್ದೆಲ್ಲ ವಿಲ್, ಹ್ಯಾವ್, ಬಿ ಎಂಬ ಸಹಾಯಕರ ಕೈಚಳಕ. ಹನ್ನೆರಡು ಎಂದು ಹೆದರುವ ಮಗುವಿಗೆ, ಇರುವುದು ಎರಡು ರೂಪ ಮತ್ತು ಮೂವರು ಸಹಾಯಕರು ಎಂದರೆ ಅರ್ಧ ಭಯ ಕಡಿಮೆ. ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ ಬಿ, ಹ್ಯಾವ್, ಡೂ, ಸೇ, ಗೋ, ಕಮ್, ಸೀ ಮುಂತಾದ ಕ್ರಿಯಾಪದಗಳೆಲ್ಲ ನಿಯಮ ತಪ್ಪುವಂಥವೇ. ಅದಕ್ಕೂ ಕನ್ನಡದಲ್ಲಿ ಜೊತೆಗಾರರಿದ್ದಾರೆ. ಬರು ಬಂದ, ಕೊಡು ಕೊಟ್ಟ, ಕೀಳು ಕಿತ್ತ, ಸಾಯು ಸತ್ತ. ದಿನಾ ಬಾಯಲ್ಲಿ ಹೊರಳಾಡುವ ಪದಗಳೇ ಹೀಗೆ ಬಾಗುತ್ತವೆ, ಬಾಯಿಗೆ ಬಿದ್ದರೆ ಮಾತ್ರ ನಿಲ್ಲುತ್ತವೆ.

ಕನ್ನಡಿ ಕೆಲವು ಕಡೆ ವಕ್ರವಾಗಿಯೂ ತೋರಿಸುತ್ತದೆ. ‘ನಿನ್ನೆ ಬಂದಿದ್ದಾರೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ಇಂಗ್ಲಿಷಿನಲ್ಲಿ ‘ಹ್ಯಾವ್ ಕಮ್’ ಪಕ್ಕದಲ್ಲಿ ‘ಯೆಸ್ಟರ್‌ಡೇ’ ಕೂರುವುದಿಲ್ಲ. ‘ಎರಡು ವರ್ಷದಿಂದ ಇಲ್ಲೇ ಇದ್ದೇವೆ’ ಎನ್ನುವುದನ್ನು ಹಾಗೇ ಎತ್ತಿಟ್ಟರೆ ‘ವಿ ಆರ್ ಹಿಯರ್ ಫ್ರಮ್ ಟೂ ಇಯರ್ಸ್’ ಆಗುತ್ತದೆ. ಈ ಎರಡನೆಯದಕ್ಕೆ ನನಗೆ ಇನ್ನೂ ಒಳ್ಳೆಯ ಆಟ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.

ಹೀಗಾಗಿ ಆಟ ಯೋಜಿಸುವ ಮೊದಲ ಕೆಲಸವೆಂದರೆ ಮಕ್ಕಳ ನೋಟ್‌ಬುಕ್ ಓದುವುದು. ಮೂವತ್ತಾರು ಪುಸ್ತಕಗಳನ್ನು ಭಾನುವಾರ ಮನೆಯಲ್ಲಿ ಹರಡಿಕೊಂಡು ಕೂತೆ. ಹನ್ನೆರಡು ಟೆನ್ಸ್‌ಗಳನ್ನು ಒಂದೇ ಆಟದಲ್ಲಿ ತುರುಕುವ ಆಸೆಯನ್ನು ಬಿಟ್ಟೆ. ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಂಡ ಮೂರನ್ನೇ ಆರಿಸಿಕೊಂಡೆ. ‘ಡಿಡ್’ ಆದ ಮೇಲೆ ಮತ್ತೆ ಪಾಸ್ಟ್ ಬರೆಯುವುದು, ಹ್ಯಾವ್ ಬೇಕಾದಲ್ಲಿ ಡಿಡ್ ಬಳಸುವುದು, ನಡೆಯುತ್ತಿದ್ದ ಕೆಲಸವನ್ನು ಮುಗಿದ ಕೆಲಸದಂತೆ ಹೇಳುವುದು.

ಮೊದಲನೆಯದಕ್ಕೆ ಹರಾಜು. ವಾಕ್ಯಗಳನ್ನು ಹರಾಜು ಹಾಕುವ ಆಟ ಇಂಗ್ಲಿಷ್ ಕಲಿಸುವವರಲ್ಲಿ ಹಳೆಯದು. ಬೋರ್ಡಿನ ಮೇಲೆ ಹನ್ನೆರಡು ವಾಕ್ಯಗಳಿರುತ್ತವೆ, ಕೆಲವು ಸರಿ, ಕೆಲವು ತಪ್ಪು. ಪ್ರತಿ ಗುಂಪಿನ ಕೈಯಲ್ಲಿ ಎರಡು ಸಾವಿರ ರೂಪಾಯಿಯ ಕಾಗದದ ನೋಟು. ಸರಿಯಾದ ವಾಕ್ಯವನ್ನು ಕೊಂಡವರು ಗೆದ್ದರು, ತಪ್ಪು ವಾಕ್ಯ ಕೊಂಡವರ ದುಡ್ಡು ಹೋಯಿತು. ನಮ್ಮ ಮಕ್ಕಳಿಗೆ ನಿಯಮ ವಿವರಿಸುವ ಕಷ್ಟವೇ ಇರಲಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಹೋಗಿ ಬಂದವರು ಅವರು. ನೂಲು ತೆಗೆಯುವ ರೀಲರುಗಳು ಗೂಡಿನ ರಾಶಿಗೆ ಕೈಹಾಕಿ, ನಾಲ್ಕು ಗೂಡು ಎತ್ತಿ, ಒತ್ತಿ, ಅಲ್ಲಾಡಿಸಿ ನೋಡದೆ ಬೆಲೆ ಹೇಳುವುದಿಲ್ಲ. ಈಗ ಕೂಗಿ ಹೇಳುವ ಬದಲು ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ, ಆದರೂ ಕೈಯಲ್ಲಿ ಮುಟ್ಟಿ ನೋಡುವುದು ನಿಂತಿಲ್ಲ. “ಲಾಟು ನೋಡದೆ ಬೆಲೆ ಕಟ್ಟಬೇಡಿ” ಎಂದೆ, ಅಷ್ಟು ಸಾಕಾಯಿತು. ಆರಾರು ತಲೆಗಳು ಒಂದೆಡೆ ಸೇರಿ ಒಂದು ವಾಕ್ಯವನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಅದೇ ಮೊದಲು ಕಂಡೆ.

ತಪ್ಪು ವಾಕ್ಯಗಳನ್ನು ಅವರ ಪುಸ್ತಕಗಳಿಂದಲೇ ತೆಗೆದಿದ್ದೆ, ಆದರೆ ಯಾರದೆಂದು ಗುರುತು ಸಿಗದಂತೆ ಹೆಸರು, ಊರು ಬದಲಿಸಿದ್ದೆ. ಒಂದು ನಿಯಮ ನಾನೇ ಸೇರಿಸಿದ್ದು. ತಪ್ಪು ಲಾಟು ಕೊಂಡವರು ಅದನ್ನು ತಿದ್ದಿ ಬರೆದರೆ ಅರ್ಧ ಹಣ ವಾಪಸ್. ಇದರಿಂದ ಯಾವ ಗುಂಪೂ ದಿವಾಳಿಯಾಗಿ ಕೈಕಟ್ಟಿ ಕೂರಲಿಲ್ಲ.

ಎರಡನೇ ತಪ್ಪಿಗೆ ಕಟ್ಟಿದ ಆಟಕ್ಕೇ ನಾನು ಹೆಚ್ಚು ದಿನ ತಲೆ ಕೆಡಿಸಿಕೊಂಡದ್ದು. ಹುಳು ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಐದು ಅಟ್ಟಣೆ ಹುಳುಗಳಿವೆ. ಯಜಮಾನಿ ನೆಂಟರ ಮದುವೆಗೆ ಹೋಗಿದ್ದವಳು ಈಗಷ್ಟೇ ವಾಪಸ್ ಬಂದಿದ್ದಾಳೆ. ಗುಂಪಿನ ಉಳಿದ ಐದು ಮಕ್ಕಳು ಮನೆಯವರು. ಪ್ರತಿಯೊಬ್ಬರ ಕೈಯಲ್ಲೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕತ್ತರಿಸಿದ ಚೀಟಿ. ಒಂದರಲ್ಲಿ: ‘ಎರಡನೇ ಅಟ್ಟಣೆ ನಿನ್ನದು. ನಿನ್ನೆ ಸಂಜೆ ಸೊಪ್ಪು ಹಾಕಿದೆ. ಇವತ್ತು ಹಾಕಿಲ್ಲ.’ ಇನ್ನೊಂದರಲ್ಲಿ: ‘ಮೂರನೇ ಅಟ್ಟಣೆ ನಿನ್ನದು. ಇವತ್ತು ಬೆಳಗ್ಗೆ ಆರಕ್ಕೆ ಹಾಕಿದೆ.’ ಚೀಟಿ ಕನ್ನಡದಲ್ಲಿದೆ, ಮಾತು ಇಂಗ್ಲಿಷಿನಲ್ಲೇ ಆಗಬೇಕು. ಯಜಮಾನಿ ಚೀಟಿ ನೋಡುವಂತಿಲ್ಲ. ಒಬ್ಬೊಬ್ಬರಿಗೆ ಎರಡೇ ಪ್ರಶ್ನೆ ಕೇಳಿ ಹಸಿದಿರುವ ಅಟ್ಟಣೆ ಯಾವುದೆಂದು ಕಂಡುಹಿಡಿಯಬೇಕು. ಅಟ್ಟಣೆ ತಪ್ಪಿದರೆ ಹುಳು ಸತ್ತವು, ಗುಂಪು ಸೋತಿತು.

ಉತ್ತರ ಕೊಡುವವರಿಗೆ ಒಂದು ಕಟ್ಟುಪಾಡಿದೆ. ಕೇಳಿದಷ್ಟಕ್ಕೇ ನಿಜ ಹೇಳಬೇಕು. ‘ಡಿಡ್ ಯು ಫೀಡ್ ದೆಮ್?’ ಎಂದು ಕೇಳಿದರೆ ಎರಡನೇ ಅಟ್ಟಣೆಯವನು ‘ಎಸ್, ಐ ಡಿಡ್’ ಎನ್ನುತ್ತಾನೆ. ಸುಳ್ಳಲ್ಲ, ನಿನ್ನೆ ಹಾಕಿದ್ದಾನೆ. ಯಜಮಾನಿ ನಿಶ್ಚಿಂತೆಯಿಂದ ಮುಂದೆ ಹೋಗುತ್ತಾಳೆ, ಹುಳು ಹಸಿದೇ ಇರುತ್ತವೆ. ‘ಹ್ಯಾವ್ ಯು ಫೆಡ್ ದೆಮ್ ಟುಡೇ?’ ಎಂದು ಕೇಳಿದ್ದರೆ ‘ನೋ, ಐ ಹ್ಯಾವಂಟ್’ ಬರುತ್ತಿತ್ತು. ಹಾಕಿದ್ದೇನೆ ಎಂದವರಿಗೆ ಎರಡನೇ ಪ್ರಶ್ನೆ, ‘ವೆನ್ ಡಿಡ್ ಯು ಫೀಡ್ ದೆಮ್?’ ಇಲ್ಲಿ ಹ್ಯಾವ್ ನಡೆಯುವುದಿಲ್ಲ, ಯಾವಾಗ ಎಂದ ಕೂಡಲೇ ಡಿಡ್ ಬರಬೇಕು. ‘ಸೊಪ್ಪು ಹಾಕಿದ್ದೀಯಾ?’, ‘ಯಾವಾಗ ಹಾಕಿದೆ?’ ಎಂದು ನಮ್ಮ ಊರಿನ ಪ್ರತಿ ತಾಯಿಯೂ ದಿನಕ್ಕೆ ಮೂರು ಸಲ ಕೇಳುವ ಎರಡು ಪ್ರಶ್ನೆಗಳು ಇವು. ಟೆನ್ಸನ್ನು ತೆಗೆದರೆ ಈ ಆಟದಲ್ಲಿ ಏನೂ ಉಳಿಯುವುದಿಲ್ಲ.

ಅಮೆರಿಕದವರು ಮಾತಿನಲ್ಲಿ ಇಂಥ ಕಡೆಯೂ ‘ಡಿಡ್ ಯು’ ಎಂದೇ ಕೇಳುವುದುಂಟು, ಅದು ತಪ್ಪೂ ಅಲ್ಲ. ಆಟಕ್ಕಾಗಿ ನಾನು ಭೇದವನ್ನು ಸ್ವಲ್ಪ ಬಿಗಿ ಮಾಡಿದ್ದೇನೆ. ಹಾಗೆ ಬಿಗಿ ಮಾಡಿದ್ದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ. ಅವರು ಬಲೆಗೆ ಬಿದ್ದಂತೆ ಅನ್ನಿಸಬಾರದು.

ತರಗತಿಯ ಎಲ್ಲರ ಮನೆಯಲ್ಲೂ ಹುಳು ಇಲ್ಲ. ಕೆಲವರ ಅಪ್ಪ ಆಟೊ ಓಡಿಸುತ್ತಾರೆ, ಕೆಲವರ ಅಮ್ಮ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಅವರಿಗಾಗಿ ಅದೇ ಆಟವನ್ನು ಅಡುಗೆಮನೆಯಲ್ಲಿ ಕಟ್ಟಿದೆ. ಕುಕ್ಕರ್ ಎಷ್ಟು ಸೀಟಿ ಹಾಕಿದೆ, ಸಾರಿಗೆ ಉಪ್ಪು ಹಾಕಿದ್ದೀಯಾ, ಯಾವಾಗ ಹಾಕಿದೆ? ಉಪ್ಪು ಎರಡು ಸಲ ಬಿದ್ದರೆ ಸಾರು ಕೆಟ್ಟಿತು.

ಲೆಕ್ಕ ಹಾಕಬೇಕಾದ್ದು ಹೊತ್ತು. ಪೀರಿಯಡ್ಡು ನಲವತ್ತು ನಿಮಿಷ. ಬೆಂಚು ತಿರುಗಿಸಿ ಗುಂಪಾಗಿ ಕೂರಲು ಐದು, ಒಂದು ಗುಂಪಿನಿಂದ ಎಲ್ಲರೆದುರು ಆಡಿಸಿ ತೋರಿಸಲು ಐದು, ಆಟ ಎರಡು ಸುತ್ತಿಗೆ ಇಪ್ಪತ್ತು. ಕೊನೆಯ ಹತ್ತು ನಿಮಿಷವನ್ನು ಬರವಣಿಗೆಗೆ ಬಿಟ್ಟುಕೊಡಲೇಬೇಕು. ತಾನು ಕೇಳಿದ ಒಂದು ಪ್ರಶ್ನೆ, ಬಂದ ಉತ್ತರ, ಆದ ಒಂದು ತಪ್ಪು, ಇವನ್ನು ಪುಸ್ತಕದಲ್ಲಿ ಬರೆಯದೆ ಯಾರೂ ಏಳುವಂತಿಲ್ಲ. ಬರೆಯದ ಆಟ ಗಂಟೆ ಹೊಡೆದ ಕೂಡಲೇ ಆರಿಹೋಗುತ್ತದೆ. ಆಟದ ನಡುವೆ ನಾನು ತಿದ್ದುವುದಿಲ್ಲ, ಕೇಳಿದ ತಪ್ಪುಗಳನ್ನು ಬರೆದುಕೊಳ್ಳುತ್ತೇನೆ ಅಷ್ಟೆ. ಮೊದಲ ಸಲ ‘ಹ್ಯಾವ್’ ಎಂದು ಬಾಯಿ ತೆರೆದ ಮಗುವನ್ನು ಮಧ್ಯದಲ್ಲಿ ತಡೆದರೆ ಅದು ಮತ್ತೆ ತೆರೆಯುವುದು ಯಾವಾಗಲೋ. ಇದೇ ಆಟವನ್ನು ವಾರದ ನಂತರ ಚೀಟಿ ಬದಲಿಸಿ ಇನ್ನೊಮ್ಮೆ, ಮೂರು ವಾರ ಬಿಟ್ಟು ಮತ್ತೊಮ್ಮೆ ಆಡಿಸುತ್ತೇನೆ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಬರೆದಿಟ್ಟ. ಪುನರಾವರ್ತನೆಯೆಂದರೆ ಪರೀಕ್ಷೆಯ ಹಿಂದಿನ ವಾರದ ಗಡಿಬಿಡಿ ಎಂದು ತಿಳಿದಿರುವ ನಮ್ಮ ಶಾಲೆಗಳಿಗೆ ಅದು ಇನ್ನೂ ತಲುಪಿದಂತಿಲ್ಲ.

ಮೂರನೇ ತಪ್ಪಿನ ಆಟ ಚಿಕ್ಕದು, ಗಲಾಟೆ ಮಾತ್ರ ದೊಡ್ಡದು. ಊಜಿ ನೊಣವೆಂದರೆ ರೇಷ್ಮೆ ರೈತರ ಶತ್ರು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳುವಿನ ಮೈಮೇ­ಲೇ ಮೊಟ್ಟೆಯಿಡುತ್ತದೆ, ಅದು ಒಳಗೆ ಬಾರದಂತೆ ಹುಳು ಮನೆಗೆ ನೈಲಾನ್ ಬಲೆ ಕಟ್ಟುತ್ತಾರೆ. ಆಟದ ಕತೆಯಲ್ಲಿ ನಿನ್ನೆ ಸಂಜೆ ಏಳು ಗಂಟೆಗೆ ಯಾರೋ ಬಲೆಯ ಬಾಗಿಲು ತೆರೆದು ಬಿಟ್ಟಿದ್ದಾರೆ. ಅನುಮಾನ ಇಬ್ಬರ ಮೇಲೆ. ನಾವಿಬ್ಬರೂ ಜೊತೆಯಲ್ಲಿದ್ದೆವು ಎಂದು ಅವರ ವಾದ. ಮೂರು ನಿಮಿಷ ವರಾಂಡದಲ್ಲಿ ಕೂತು ಕತೆ ಹೊಂದಿಸಿಕೊಂಡು ಬರುತ್ತಾರೆ, ತರಗತಿ ಒಬ್ಬೊಬ್ಬರನ್ನೇ ಒಳಗೆ ಕರೆದು ವಿಚಾರಣೆ ಮಾಡುತ್ತದೆ. ಏಳು ಗಂಟೆಗೆ ಏನು ಮಾಡುತ್ತಿದ್ದೆ, ಕರೆಂಟು ಹೋದಾಗ ಎಲ್ಲಿ ಕೂತಿದ್ದೆ, ಅವನು ಏನು ತಿನ್ನುತ್ತಿದ್ದ? ಒಬ್ಬ ‘ಐ ವಾಸ್ ಈಟಿಂಗ್ ಮುದ್ದೆ’ ಎಂದ, ಇನ್ನೊಬ್ಬ ‘ಹಿ ವಾಸ್ ಈಟಿಂಗ್ ಚಪಾತಿ’ ಎಂದ. “ಸಿಕ್ಕಾಕ್ಕೊಂಡ್ರು ಮೇಡಂ!” ಎಂದು ತರಗತಿ ಎದ್ದು ನಿಂತಿತು. ವಾಸ್ ಈಟಿಂಗ್, ವಾಸ್ ಸಿಟ್ಟಿಂಗ್ ಎಂದು ಅಷ್ಟು ಸಲ ಒಂದೇ ದಿನ ಆ ಗೋಡೆಗಳು ಕೇಳಿರಲಾರವು.

ಹುಳು ಮನೆಯ ಆಟದ ದಿನ ನಡೆದದ್ದೊಂದನ್ನು ಹೇಳಬೇಕು. ಕಿಟಕಿ ಕಡೆ ತಿರುಗಿ ಕೂರುತ್ತಿದ್ದ ಹುಡುಗನ ಗುಂಪಿಗೆ ಬಂದ ಚೀಟಿಗಳಲ್ಲಿ ಒಂದರಲ್ಲಿ ನಾನು ‘ನಾಲ್ಕನೇ ಅಟ್ಟಣೆಯ ಹುಳು ಜ್ವರಕ್ಕೆ ಕೂತಿವೆ, ಇವತ್ತು ಸೊಪ್ಪು ಹಾಕಿಲ್ಲ’ ಎಂದು ಬರೆದಿದ್ದೆ. ಹಸಿದಿರುವ ಅಟ್ಟಣೆಗಳ ಲೆಕ್ಕದಲ್ಲಿ ಅದನ್ನೂ ಸೇರಿಸಿದ್ದೆ. ಅವನು ಆ ಗುಂಪಿನ ಯಜಮಾನ. ಎಲ್ಲ ಮುಗಿದ ಮೇಲೆ ನಾನು ಉತ್ತರ ಓದಿದಾಗ ಅವನು ಎದ್ದು ನಿಂತ.

“ಮೇಡಂ, ಜ್ವರಕ್ಕೆ ಕೂತಿದ್ರೆ ಸೊಪ್ಪು ಆಕಂಗಿಲ್ಲ. ಆಕಿದ್ರೆ ಸೊಪ್ಪು ಬಾಡ್ತದೆ, ಹುಳಕ್ಕೆ ತಿನ್ನಕ್ಕಾಗಲ್ಲ. ಎದ್ದವಾ ಅಂತ ಮೊದ್ಲು ಕೇಳ್ಬೇಕು.”

ತರಗತಿ ತಿರುಗಿ ಅವನನ್ನೇ ನೋಡಿತು. ಅವನು ಹೇಳಿದ್ದು ಸರಿ, ತಪ್ಪು ನನ್ನದು. ಅದನ್ನು ಅಲ್ಲೇ ಒಪ್ಪಿಕೊಂಡು ಆ ಗುಂಪಿನ ಸೋಲನ್ನು ಬೋರ್ಡಿನಿಂದ ಅಳಿಸಿದೆ. “ಎದ್ದವಾ ಅಂತ ಇಂಗ್ಲಿಷಿನಲ್ಲಿ ಹೇಗೆ ಕೇಳ್ತೀಯ?” ಎಂದೆ. ಅವನು ಬೆಂಚಿನ ಅಂಚನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತ. ಯಾರೂ ನಗಲಿಲ್ಲ, ಯಾರೂ ಹೇಳಿಕೊಡಲಿಲ್ಲ. “ಹ್ಯಾವ್ ದೆ...” ಎಂದು ನಿಲ್ಲಿಸಿದ. ಮುಂದಿನ ಪದ ಅವನಿಗೆ ಗೊತ್ತಿರಲಿಲ್ಲ, ‘ರೈಸನ್’ ಎಂದು ನಾನು ಕೊಟ್ಟೆ. ಆದರೆ ಹ್ಯಾವ್ ಅವನದು. ಅಂದಿನಿಂದ ಆಟದಲ್ಲಿ ಯಜಮಾನಿಗೆ ಮೂರು ಪ್ರಶ್ನೆ. ಮೊದಲನೆಯದು ಜ್ವರದ್ದು. ಚೀಟಿಗಳನ್ನೆಲ್ಲ ಮತ್ತೆ ಬರೆದೆ, ಅವನ ಕೈಯಲ್ಲೇ ಓದಿಸಿ ಸರಿಯಿದೆಯೆಂದು ಖಚಿತ ಮಾಡಿಕೊಂಡೆ.

ಪರೀಕ್ಷೆ ಮುಗಿದ ತಿಂಗಳಿಗೆ ಹೊಸ ಬೆಳೆ ಬಂತು. ಮೊದಲು ಚೀಟಿ ಬರೆದಿದ್ದ ಹುಡುಗಿ ಮತ್ತೆ ಒಂದು ದಿನ ತಪ್ಪಿಸಿಕೊಂಡು, ಮಾರನೆಯ ಬೆಳಗ್ಗೆ ಇನ್ನೊಂದು ಚೀಟಿ ತಂದಳು. ‘ಐ ಡಿಡ್ ನಾಟ್ ಕಮ್ ಟು ಸ್ಕೂಲ್ ಯೆಸ್ಟರ್‌ಡೇ. ದ ವರ್ಮ್ಸ್ ಹ್ಯಾವ್ ರೈಸನ್ ಫ್ರಮ್ ಫೋರ್ತ್ ಫೀವರ್ ಯೆಸ್ಟರ್‌ಡೇ ಮಾರ್ನಿಂಗ್.’ ಎರಡೂ ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಂಡೆ. ಎರಡನೇ ವಾಕ್ಯವನ್ನು ಹೊತ್ತು ಬದಲಿಸಿ ಮುಂದಿನ ಸೋಮವಾರದ ಹರಾಜಿಗೆ ಏಳನೇ ಲಾಟಾಗಿ ಬರೆದಿದ್ದೇನೆ.